ತೂತು ಬಿದ್ದ ಪಿಸ್ಟನ್

ಅಂಗಳದಲ್ಲಿ ಎಂಜಿನ್ ಬಿಚ್ಚಿ ನೋಡಿದರೆ ಪಿಸ್ಟನ್ ನಡುವೆ ಬೆರಳು ತೂರುವಷ್ಟು ತೂತು. ಅಣ್ಣ ಅದನ್ನು ಅಂಗೈಯಲ್ಲಿಟ್ಟು ಅಪ್ಪನ ಮುಂದೆ ಹಿಡಿದ. ಗುಂಜಹಳ್ಳಿಯಿಂದ ರಾಯಚೂರಿನ ಹೋಟೆಲುಗಳಿಗೆ ಅಪ್ಪ ಹಾಲು ಒಯ್ಯುತ್ತಿದ್ದುದು ಇದೇ ಮೋಟಾರ್ ಸೈಕಲ್ ಮೇಲೆ. ಎಂಬತ್ತರ ದಶಕದ ಆ ಬೇಸಿಗೆಯಲ್ಲಿ ಹಾಲು ದಾರಿಯಲ್ಲೇ ಒಡೆಯುತ್ತಿತ್ತು. ಗಾಡಿ ಜೋರಾಗಿ ಓಡಲೆಂದು ಅಣ್ಣ, ಗುಜರಿಯಲ್ಲಿ ಸಿಕ್ಕ, ಎಂಜಿನ್ನಿನೊಳಗಿನ ಉರಿ ಹೆಚ್ಚಿಸುವ ನೈಟ್ರಸ್ ಗ್ಯಾಸಿನ ಸಿಲಿಂಡರನ್ನು ಎಂಜಿನ್ನಿಗೆ ಜೋಡಿಸಿ ಯಾಪಲದಿನ್ನಿ ರಸ್ತೆಯಲ್ಲಿ ಓಡಿಸಿ ನೋಡಿದ್ದ.

“ಗ್ಯಾಸ್ ಬಿಟ್ಟರ ಪೆಟ್ರೋಲ್ ಸುದ್ದಾ ಜಾಸ್ತಿ ಬಿಡಬೇಕಿತ್ತು ಯಪ್ಪಾ. ಇಲ್ಲಾಂದ್ರ ಕಾವು ಏರಿ ಪಿಸ್ಟನ್ನ ಕರಗತದ. ನನಗ ಹೊಳೀಲಿಲ್ಲ” ಎಂದ.

ಮೈಲೇಜಿನ ಆಸೆಗೆ ಕಾರ್ಬುರೇಟರ್ ಸ್ಕ್ರೂ ಬಿಗಿದು ಪೆಟ್ರೋಲ್ ಕಡಿಮೆ ಮಾಡಿಟ್ಟವನು ಅಪ್ಪ. ಅದಕ್ಕೆ ಯಾರೂ ಕೈ ಹಚ್ಚಬಾರದೆಂದು ತಾಕೀತು ಮಾಡಿದ್ದ. ಅಣ್ಣ ಗಾಡಿಯಲ್ಲಿ ಎಲ್ಲವನ್ನೂ ಮುಟ್ಟಿದ್ದ, ಆ ಸ್ಕ್ರೂ ಒಂದನ್ನು ಬಿಟ್ಟು.

“ಬಿಗಿ ಮಾಡಿದಾಂವ ನಾನೇ ಅಲ್ಲೇನಲೇ” ಎಂದಷ್ಟೇ ಹೇಳಿ ಅಪ್ಪ ಒಳಗೆ ಹೋದ.

ಮರುದಿನದಿಂದ ಸೈಕಲ್ ಮೇಲೆ ಹೊರಟ ಹಾಲು ಒಡೆದು ಮನೆಗೇ ವಾಪಸ್ ಬರತೊಡಗಿತು. ಅಣ್ಣ ಮತ್ತೆಂದೂ ಪಾನಾ ಹಿಡಿದು ನಟ್ಟು-ಬೋಲ್ಟು ಬಿಚ್ಚಲಿಲ್ಲ, ಅಪ್ಪನ ಎದುರು ಕೂತು ಉಣ್ಣಲೂ ಇಲ್ಲ. ಆ ದಿನ ಅಪ್ಪ ಬೈದು ಎರಡೇಟು ಬಾರಿಸಿದ್ದರೆ ಎಷ್ಟೋ ಚೆನ್ನಾಗಿತ್ತು.