ಬೆಳ್ಳಿ ಬಣ್ಣ ಬಳಿದ ಪಂಪು

ಚಳಿಗಾಲದ ಬೆಳಿಗ್ಗೆ ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ಬಸ್ಸೊಂದು ಚಾಲೂ ಆಗುವಾಗ ಬುಸುಬುಸು ಬಿಳಿ ಹೊಗೆ ಉಗುಳುತ್ತದೆ. ಅರ್ಧ ಸುಟ್ಟು ಅರ್ಧ ಹಸಿಯಾಗಿ ಉಳಿದ ಡೀಸೆಲ್ಲಿನ ಆ ವಾಸನೆಗೆ ಕಣ್ಣು ಚುರುಗುಟ್ಟುತ್ತದೆ. ಉಳಿದವರು ಮೂಗು ಮುಚ್ಚಿಕೊಂಡು ದೂರ ಸರಿದರೆ ನಾನು ನಿಂತಲ್ಲೇ ನಿಂತು ಇನ್ನೊಂದು ಉಸಿರು ಎಳೆದುಕೊಳ್ಳುತ್ತೇನೆ. ನಿಮಗೂ ಇಂಥದ್ದೊಂದು ವಾಸನೆ ಇದ್ದೀತು. ಸುರಗಿ ಹೂವಿನದೋ, ಹೊಸ ಪುಸ್ತಕದ್ದೋ, ನಾಲ್ಕು ಜನರೆದುರು ಹೇಳಿಕೊಳ್ಳುವಂಥದ್ದು. ನನ್ನ ಪಾಲಿಗೆ ಬಂದದ್ದು ಇದು. ಆ ಹೊಗೆಯ ಆಚೆಗೆ ಬೊಬ್ರುವಾಡದ ಹತ್ತಿರ ಹೆದ್ದಾರಿಯ ಬದಿಗಿದ್ದ ನಮ್ಮ ಮನೆ ಕಾಣುತ್ತದೆ, ಅಂಗಳದ ಮುಕ್ಕಾಲು ಪಾಲನ್ನು ನುಂಗಿ ನಿಂತ ಅಪ್ಪನ ಲಾರಿ ಕಾಣುತ್ತದೆ, ಅದರ ಮಗ್ಗುಲಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತ ಅತ್ತೆ ಕಾಣುತ್ತಾಳೆ.

ಅಪ್ಪ ಬೈತಖೋಲ ಬಂದರಿನಿಂದ ಐಸು ಹಾಕಿದ ಮೀನು ತುಂಬಿಕೊಂಡು ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗುತ್ತಿದ್ದ. ಲಾರಿ ಸ್ವಂತದ್ದು, ಡ್ರೈವರನೂ ಅವನೇ, ಸಣ್ಣಪುಟ್ಟ ರಿಪೇರಿಯೂ ಅವನದೇ. ಅತ್ತೆ ಅವನ ಅಕ್ಕ. ಭಾವಿಕೇರಿಗೆ ಮದುವೆಯಾಗಿ ಹೋದವಳು, ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದಿದ್ದಳು. ನನ್ನ ತಲೆ ಬಾಚುತ್ತಿದ್ದವಳು, ಅಮ್ಮನಿಗಿಂತ ಹೆಚ್ಚು ನನ್ನನ್ನು ಗದರುತ್ತಿದ್ದವಳು ಅವಳೇ. ಆದರೆ ಲಾರಿ ಹೊರಡುವ ಸದ್ದು ಕೇಳಿದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಹಿತ್ತಲಿಗೆ ನಡೆದುಬಿಡುತ್ತಿದ್ದಳು. ಗಂಡ ಸತ್ತವಳು ಹೊರಟ ಗಾಡಿಗೆ ಎದುರಾಗಬಾರದೆಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ಹೇಳುವ ಪ್ರಸಂಗವೇ ಬರದಂತೆ ಅವಳೇ ನೋಡಿಕೊಳ್ಳುತ್ತಿದ್ದಳು. ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಲಾರಿಯನ್ನು ಅವಳು ಮುಟ್ಟುತ್ತಿದ್ದದ್ದು ಆಯುಧಪೂಜೆಯ ಮುನ್ನಾದಿನ ಮಾತ್ರ, ಅದೂ ತೊಳೆಯಲಿಕ್ಕೆ. ತೊಳೆಯುವುದೆಂದರೆ ಅವಳ ತೊಳೆತ! ತೆಂಗಿನ ನಾರು ಸವೆಯುವ ತನಕ ತಿಕ್ಕುವಳು. ಆ ವರ್ಷ ಅವಳಿಗೆ ಇನ್ನೂ ಹುರುಪು ಬಂದು, ಇಂಜಿನ್ನಿನ ಬದಿಯಲ್ಲಿ ತುಕ್ಕು ಹಿಡಿದ ಜಾಗವನ್ನೆಲ್ಲ ಪಾಲೀಶ್ ಪೇಪರಿನಿಂದ ಉಜ್ಜಿ ಬೆಳ್ಳಿ ಬಣ್ಣ ಬಳಿದಳು. ಡೀಸೆಲ್ ಪಂಪು ದೇವರ ತಂಬಿಗೆಯ ಹಾಗೆ ಹೊಳೆಯಿತು. ಅಪ್ಪನೂ ಹಿಗ್ಗಿ ಅದಕ್ಕೇ ದೊಡ್ಡ ಚೆಂಡು ಹೂವಿನ ಮಾಲೆ ಹಾಕಿದ. ಹಬ್ಬ ಕಳೆದು ಎರಡನೇ ಟ್ರಿಪ್ಪಿಗೇ ಲಾರಿ ಅರಬೈಲ ಘಟ್ಟದಲ್ಲಿ ಕರಿ ಹೊಗೆ ಬಿಟ್ಟು ತೆವಳತೊಡಗಿತು. ಪಂಪಿನ ಒಳಗಿನ ಸಾಮಾನು ಸವೆದಿತ್ತು, ಅದಕ್ಕೂ ಹೊರಗಿನ ಬಣ್ಣಕ್ಕೂ ಸಂಬಂಧವಿರಲಿಲ್ಲ. ಅಪ್ಪ ಅದನ್ನು ಬಿಚ್ಚಿ ಹುಬ್ಬಳ್ಳಿಗೆ ಒಯ್ದು ಸರಿ ಮಾಡಿಸಿ ತಂದ. ತಿರುಗಿ ಕೂರಿಸಲು ಹೋದಾಗ ಗುರುತೇ ಸಿಗಲಿಲ್ಲ. ಪಂಪಿನ ಅಂಚಿಗೂ ಇಂಜಿನ್ನಿಗೂ ಸೇರಿಸಿ ಎಳೆದ ಒಂದು ಗೀರು ಇರುತ್ತದೆ. ಆ ಗೀರಿಗೆ ಗೀರು ಕೂಡಿಸಿ ಬಿಗಿದರೆ ಡೀಸೆಲ್ ಸರಿಯಾದ ಗಳಿಗೆಗೆ ಚಿಮ್ಮುತ್ತದೆ. ಅತ್ತೆಯ ಉಜ್ಜಾಟಕ್ಕೆ ಆ ಗೀರು ಅಳಿಸಿಹೋಗಿತ್ತು.

ಅಪ್ಪ ಅಂದಾಜಿನ ಮೇಲೆ ಕೂರಿಸಿ ಚಾಲೂ ಮಾಡಿದರೆ ಇಂಜಿನ್ನು ಒನಕೆ ಕುಟ್ಟಿದಂತೆ ಬಡಿದುಕೊಂಡಿತು. ಸ್ವಲ್ಪ ಹಿಂದೆ ಸರಿಸಿದರೆ ಅಂಗಳದ ತುಂಬ ಬಿಳಿ ಹೊಗೆ. ಊರಿನಲ್ಲಿ ಇದನ್ನು ಬಲ್ಲ ಒಬ್ಬನೇ ಮೇಸ್ತ್ರಿ ಗೋವಾಕ್ಕೆ ಹೋಗಿ ಕೂತಿದ್ದ. ಬೈತಖೋಲದಲ್ಲಿ ಬಂಗಡೆ ರಾಶಿ ಬೀಳುವ ಹೊತ್ತು ಅದು; ಆ ವಾರ ಲಾರಿ ಹೋಗದಿದ್ದರೆ ಮೀನಿನ ಸಾಹುಕಾರರು ಬೇರೆ ಗಾಡಿ ಹಿಡಿಯುವವರಿದ್ದರು. ಲಾರಿ ಮಾರಿ ಅದಿರಿನ ಗಾಡಿಗೆ ಡ್ರೈವರನಾಗಿ ಹೋಗುತ್ತೇನೆಂದು ಅಪ್ಪ ರಾತ್ರಿ ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದ. ಅದರ ಮೇಲೆ ಮರುದಿನ ಬೆಳಿಗ್ಗೆ ಪಕ್ಕದ ಮನೆಯ ದೊಡ್ಡಪ್ಪ ಬೇಲಿಯಾಚೆ ನಿಂತು, ಎಲ್ಲರಿಗೂ ಕೇಳುವಂತೆ, "ಗಂಡ ಸತ್ತವ್ಳ ಕೈಲಿ ಗಾಡಿ ಮುಟ್ಸಿದ್ರೆ ಹೀಂಗೇ ಆಗೂದು" ಎಂದ. ಅತ್ತೆ ಒಳಗೆ ಅಕ್ಕಿ ಆರಿಸುತ್ತಿದ್ದಳು. ಮೊರವನ್ನು ಕೆಳಗಿಟ್ಟು ನೇರ ಅಂಗಳಕ್ಕೆ ಬಂದಳು.

"ಗೀರು ಇಲ್ದೇ ಕೂಡ್ಸೂಕೆ ಬರೂದೇ ಇಲ್ವಾ?" ಎಂದು ಅಪ್ಪನನ್ನು ಕೇಳಿದಳು.

"ಬತ್ತದೆ ಅಕ್ಕಾ. ಡೀಸೆಲ್ ಹನಿ ನಿಲ್ಲೂದು ನೋಡ್ಬೇಕು. ನಂಗೆ ಚಾಳೀಸು, ಹತ್ರದ್ದು ಕಾಣೂದಿಲ್ಲ."

"ನಾ ನೋಡ್ತೆ. ನೀ ತಿರ್ಗ್ಸು. ಅಳ್ಸಿದ್ದು ಇದೇ ಕೈ ಅಲ್ದಾ?"

ಅಪ್ಪ ಮೊದಲನೇ ಸಿಲಿಂಡರಿನ ವಾಲ್ವುಗಳೆರಡೂ ಮುಚ್ಚಿರುವುದನ್ನು ನೋಡಿಕೊಂಡು, ಇಂಜಿನ್ನಿನ ದೊಡ್ಡ ಚಕ್ರವನ್ನು ಅದರ ಮೇಲಿನ ಗುರುತಿಗೆ ತಂದು ನಿಲ್ಲಿಸಿದ. ಪಂಪಿನ ಮೊದಲ ಬಾಯಿಗೆ ಹಂಸದ ಕೊರಳಿನಂತೆ ಬಗ್ಗಿದ ಪುಟ್ಟ ಪೈಪು ಸಿಕ್ಕಿಸಿದ. ಅದರಿಂದ ಡೀಸೆಲ್ ಸಣ್ಣಗೆ ಹರಿಯತೊಡಗಿತು. ಬೋಲ್ಟು ಸಡಿಲಿಸಿ ಪಂಪನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುಗಿಸುತ್ತ ಹೋದರೆ ಹರಿವು ಹನಿಯಾಗುತ್ತದೆ, ಹನಿ ನಿಲ್ಲುತ್ತದೆ. ನಿಂತ ಆ ಗಳಿಗೆಯಲ್ಲೇ ಬಿಗಿಯಬೇಕು. ಅತ್ತೆ ಖಾತ್ರಿ ಮಾಡಿಕೊಂಡು "ನಿಂತ್ತು" ಎನ್ನುವಷ್ಟರಲ್ಲಿ ಅಪ್ಪನ ಕೈ ಮುಂದೆ ಹೋಗಿರುತ್ತಿತ್ತು. ಮತ್ತೆ ಹಿಂದಕ್ಕೆ, ಮತ್ತೆ ಮೊದಲಿನಿಂದ. ಒಮ್ಮೆ ಸರಿಯಾಗಿ ಸಿಕ್ಕಿತೆಂದು ಬಿಗಿಯುವಾಗ ಪಂಪು ಜರುಗಿ ಹನಿ ಪುನಃ ಶುರುವಾಯಿತು. ಅಪ್ಪ ಪಾನಾ ಎಸೆದು ಬೀಡಿ ಹಚ್ಚಲು ರಸ್ತೆಯಂಚಿಗೆ ಹೋದ. ಅತ್ತೆ ಅಡುಗೆಮನೆಗೆ ಹೋಗಿ ಸ್ಟೀಲಿನ ತಟ್ಟೆಯೊಂದನ್ನು ತಂದು ಪೈಪಿನ ಕೆಳಗೆ ಬೋರಲು ಇಟ್ಟಳು. ಟಪ್, ಟಪ್ ಎಂದು ಹನಿ ಮಾತಾಡಿತು. ಅಪ್ಪ ಬೀಡಿ ಆರಿಸಿ ಬಂದ. ಕಣ್ಣು ಅವಳದು, ಕಿವಿ ಅವನದು. ತಟ್ಟೆ ಒದ್ದೆಯಾಗಿ ಸದ್ದು ಮಂಕಾದಾಗಲೆಲ್ಲ ಅವಳು ಸೆರಗಿನಲ್ಲೇ ಒರೆಸಿಬಿಡುತ್ತಿದ್ದಳು. ಅಮ್ಮ ಊಟಕ್ಕೆ ಕರೆದು ಕರೆದು ಸುಮ್ಮನಾದಳು. ಬೇಲಿಯಾಚೆಯ ದೊಡ್ಡಪ್ಪನೂ ನೋಡಿ ನೋಡಿ ಸಾಕಾಗಿ ಒಳಗೆ ಹೋದ. ಸಂಜೆಯ ಹೊತ್ತಿಗೆ ಟಪ್ ಎಂಬ ಸದ್ದು ತಡೆತಡೆದು ಬಂದು ನಿಂತಿತು, ಅತ್ತೆ ಕೈ ಎತ್ತಿದಳು, ಅಪ್ಪ ಬಿಗಿದ. ಇಬ್ಬರೂ ಉಸಿರು ಹಿಡಿದು ತಟ್ಟೆಯನ್ನೇ ನೋಡಿದರು. ಹನಿ ಬೀಳಲಿಲ್ಲ.

ಪೈಪುಗಳನ್ನೆಲ್ಲ ತಿರುಗಿ ಜೋಡಿಸಿ ಚಾಲೂ ಮಾಡಿದಾಗ ಇಂಜಿನ್ನು ಒಂದೇ ಸಲಕ್ಕೆ ಹಿಡಿಯಿತು. ಬಡಿತವಿಲ್ಲ, ಹೊಗೆಯಿಲ್ಲ. ಅತ್ತೆ ಡೀಸೆಲ್ ನಾರುವ ಸೆರಗಿನಲ್ಲಿ ಮುಖ ಒರೆಸಿಕೊಂಡು ಎಂದಿನಂತೆ ಹಿತ್ತಲಿಗೆ ಹೊರಟಳು. ಅಪ್ಪ ಕೂತಲ್ಲಿಂದಲೇ ಕೂಗಿದ:

"ಅಕ್ಕಾ, ಹಿತ್ತಲ್ಗೆ ಎಂತಕೆ? ಬಾ, ಹತ್ತು. ಬೈತಖೋಲಕ್ಕೆ ಹೋಗಿ ಬರ್ವಾ."

ಅವಳು ಬೇಡವೆನ್ನುತ್ತಲೇ ಇದ್ದಳು. ಅಪ್ಪ ಇಳಿದು ಬಂದು ಆಚೆ ಬಾಗಿಲು ತೆರೆದು ಹಿಡಿದು ನಿಂತುಬಿಟ್ಟ. ಕೊನೆಗೆ ಹತ್ತಿದಳು. ಬೇಲಿಯಾಚೆಯ ಮನೆಯ ಮುಂದೆಯೇ ಲಾರಿ ಹೋಯಿತು. ಬಂದರಿನಲ್ಲಿ ಕೇಳಿದವರಿಗೆಲ್ಲ ಅಪ್ಪ, ಪಂಪಿನ ಟೈಮಿಂಗ್ ಕೂಡಿಸಿದ್ದು ನಮ್ಮ ಅಕ್ಕ ಎಂದು ಹೇಳಿದನಂತೆ. ಆ ವಾರದ ಬಂಗಡೆ ನಮ್ಮ ಲಾರಿಯಲ್ಲೇ ಘಟ್ಟ ಹತ್ತಿತು.

ಅಲ್ಲಿಂದ ಮುಂದೆ ಲಾರಿ ಹೊರಡುವಾಗ ಅವಳು ಹಿತ್ತಲಿಗೆ ಹೋಗಲಿಲ್ಲ, ಮುಂದಿನ ಮೆಟ್ಟಿಲ ಮೇಲೆ ನಿಲ್ಲುತ್ತಿದ್ದಳು. ಮಾತನಾಡಿಕೊಳ್ಳುವವರು ಮಾತನಾಡಿಕೊಂಡರು. ಲಾರಿ ಗುಜರಿಗೆ ಹೋಗಿ ಎಷ್ಟೋ ಕಾಲದ ಮೇಲೆ ಅಪ್ಪ ತೀರಿಕೊಂಡ. ಅವನನ್ನು ಎತ್ತುವಾಗ ಬಂದವರಲ್ಲಿ ಯಾರೋ ಅತ್ತೆಯ ತೋಳು ಹಿಡಿದು ಒಳಗೆ ಹೋಗಲು ಹೇಳಿದರು. ಅವಳು ಆ ಕೈ ಬಿಡಿಸಿಕೊಂಡು ಅದೇ ಮೆಟ್ಟಿಲ ಮೇಲೆ ನಿಂತಳು. ಅಳಲಿಲ್ಲ. ತಮ್ಮನನ್ನು ಹೊತ್ತವರು ರಸ್ತೆಯ ತಿರುವು ದಾಟಿ ಮರೆಯಾಗುವವರೆಗೂ ನೋಡಿದಳು. ಈಗ ಅತ್ತೆಯೂ ಇಲ್ಲ. ಹೆದ್ದಾರಿ ಅಗಲವಾದಾಗ ಮನೆಯೂ ಹೋಯಿತು. ಮೆಟ್ಟಿಲು ಇದ್ದ ಜಾಗದ ಮೇಲೆ ಲಾರಿಗಳು ಹೋಗುತ್ತವೆ.