ಅನುಭವ ಪತ್ರಕ್ಕೆ ಸಿಗದ ಕಿವಿ

"ಅಕ್ಕ, ನಿಮ್ಮ ಜೆರಾಕ್ಸ್ ಮೆಷಿನ್ ಸ್ವಲ್ಪ ನಿಲ್ಲಿಸಿ. ಒಳಗೆ ಎಡಗಡೆಯ ಬೇರಿಂಗ್ ಹೋಗ್ತಾ ಉಂಟು" ಎಂದ ಬೆಂಚಿನ ಮೇಲೆ ಕುಳಿತಿದ್ದ ಯುವಕ. ದಿನವಿಡೀ ಅದರ ಪಕ್ಕದಲ್ಲೇ ಕೂರುವ ನನಗೆ ಯಾವ ಹೊಸ ಸದ್ದೂ ಕೇಳಿಸಿರಲಿಲ್ಲ.

ಕಾಪುವಿನ ನನ್ನ ಟೈಪಿಂಗ್ ಅಂಗಡಿಗೆ ಅವನು ಬಂದದ್ದು ಅನುಭವ ಪತ್ರಕ್ಕಾಗಿ. ಮೀನುಗಾರಿಕೆ ಬೋಟುಗಳ ಇಂಜಿನ್ ಮೆಕ್ಯಾನಿಕ್ ಅವನು. ಕೆನಡಾದಲ್ಲಿ ಕಾಯಂ ನೆಲೆಸಲು ಅರ್ಜಿ ಹಾಕುವವನಿದ್ದ. ಜೊತೆಗೆ ಅವನ ಗ್ಯಾರೇಜಿನ ವಯಸ್ಸಾದ ಯಜಮಾನರೂ ಬಂದಿದ್ದರು. ಅವರು ಮೊದಲು ಬರೆದುಕೊಟ್ಟ ಪತ್ರವನ್ನು ಮಣಿಪಾಲದ ವೀಸಾ ಏಜೆಂಟರು ವಾಪಸ್ ಕಳಿಸಿದ್ದರು. ಅದರಲ್ಲಿದ್ದದ್ದು ಇಷ್ಟೇ: "ಒಳ್ಳೆಯ ಹುಡುಗ, ನಮ್ಮ ಮನೆಯವನ ಹಾಗೆ, ಕುಡಿಯುವುದಿಲ್ಲ." ಮಾಡಿದ ಕೆಲಸ ಏನು, ವಾರಕ್ಕೆ ಎಷ್ಟು ಗಂಟೆ ಎಂದು ಬರೆಯದಿದ್ದರೆ ಅವನ ಒಂಬತ್ತು ವರ್ಷದ ದುಡಿಮೆ ಲೆಕ್ಕಕ್ಕೇ ಬರುವುದಿಲ್ಲವಂತೆ.

ಏನೇನು ಕೆಲಸ ಎಂದು ಕೇಳಿದೆ. ಯಜಮಾನರು ತಲೆ ಕೆರೆದುಕೊಂಡರು. "ಎಂತ ಬರೆಯುವುದು ಮಾರಾಯ್ರೆ? ಬೋಟು ಮೀನು ಇಳಿಸುವ ದಕ್ಕೆಗೆ ಬರುವಾಗ ಸದ್ದು ಕೇಳಿಯೇ ಇಂಜಿನಿಗೆ ಎಂತ ಆಗಿದೆ ಅಂತ ಹೇಳ್ತಾನೆ ಇವ."

ಮುದುಕರ ಅಭಿಮಾನ ಎಂದು ನಾನು ಒಳಗೊಳಗೇ ನಕ್ಕು, "ಇಂಜಿನ್ ತಪಾಸಣೆ, ದುರಸ್ತಿ, ವಾರಕ್ಕೆ ನಲವತ್ತೆಂಟು ಗಂಟೆ" ಎಂದು ಟೈಪ್ ಮಾಡಿದೆ. ಆ ಪತ್ರದ ಪ್ರತಿ ತೆಗೆಯುವಾಗಲೇ ಅವನು ಮೆಷಿನ್ ನಿಲ್ಲಿಸಲು ಹೇಳಿದ್ದು.

ಮರುದಿನ ರಿಪೇರಿಯವರು ಬಂದು ಮೆಷಿನ್ ಬಿಚ್ಚಿದರು. ಎಡಗಡೆಯ ಬೇರಿಂಗ್ ಸವೆದುಹೋಗಿತ್ತು.

ಈಗ ಯಾರಾದರೂ ಅನುಭವ ಪತ್ರಕ್ಕೆ ಬಂದರೆ ಮೊದಲು ಮೆಷಿನ್ ಆಫ್ ಮಾಡುತ್ತೇನೆ. ಅವರು ಹೇಳುವುದನ್ನೆಲ್ಲ ಕೇಳಿಸಿಕೊಂಡ ಮೇಲೆಯೇ ನನ್ನ ಕೈ ಕೀಬೋರ್ಡಿಗೆ ಹೋಗುವುದು.