ಗೋಪಮ್ಮ ಡಾಕ್ಟರಿಗೆ ಹೇಳಿದ್ದು

ಅರಕೇರಾದ ಗೋಪಮ್ಮ ಮದುವೆಯಾಗಿ ರಾಯಚೂರಿಗೆ ಬಂದು, ಅಕ್ಕಿ ಗಿರಣಿಯ ಅಂಗಳದಲ್ಲಿ ಭತ್ತ ಒಣಗಿಸುವ ಕೆಲಸಕ್ಕೆ ಸೇರಿದಳು. ೧೯೭೧ರಲ್ಲಿ ಬಸುರಾದಾಗಲೂ ಕೆಲಸ ಬಿಡಲಿಲ್ಲ. ಬಿಸಿಲಲ್ಲಿ ದಿನವಿಡೀ ಕಾಲಿನಿಂದ ಭತ್ತ ತಿರುವಿ ಸಂಜೆಗೆ ಸೊಂಟ ಹಿಡಿದುಕೊಂಡರೆ, ಅತ್ತೆ ದುರುಗಮ್ಮ ನೋವು ಮರೆಯಲೆಂದು ಈಚಲ ಹೆಂಡ ಸೇಂದಿಯನ್ನು ತಂದು ಕುಡಿಸುತ್ತಿದ್ದಳು. ತಾನೂ ಹಾಗೇ ಕುಡಿದು ಐದು ಹೆತ್ತವಳು, ಸೊಸೆಯ ಮೇಲಿನ ಕಕ್ಕುಲಾತಿಯಿಂದಲೇ ತರುತ್ತಿದ್ದಳು. ಮೊದಮೊದಲು ಮೂಗು ಮುಚ್ಚಿ ಕುಡಿದ ಗೋಪಮ್ಮನಿಗೆ ಆಮೇಲೆ ಅದು ಹಿಡಿಸಿತು. ಅತ್ತೆ ತರದ ದಿನ ತಾನೇ ಸೇಂದಿ ಅಂಗಡಿಗೆ ಹೋಗುತ್ತಿದ್ದಳು.

ಹುಟ್ಟಿದ ಮಗಳು ಶೇಖಮ್ಮನಿಗೆ ಮೊಲೆ ಚೀಪಲೂ ತ್ರಾಣವಿರಲಿಲ್ಲ. ದೊಡ್ಡವಳಾದಂತೆ ಓರಗೆಯವರ ಭುಜಕ್ಕೂ ಬರಲಿಲ್ಲ. ಪಾತ್ರೆ ಬಿದ್ದ ಸದ್ದಿಗೆ ಬೇರೆ ಮಕ್ಕಳು ಬೆಚ್ಚಿ ಗಳಿಗೆಯಲ್ಲಿ ಮರೆತರೆ, ಅವಳ ಎದೆ ಎಷ್ಟೋ ಹೊತ್ತು ಹೊಡೆದುಕೊಳ್ಳುತ್ತಿತ್ತು. ತಾಯಿತ ಕಟ್ಟಿಸಿದ್ದಾಯಿತು. ಹದಿನಾರು ತುಂಬಿದರೂ ಮೈನೆರೆಯಲಿಲ್ಲ.

ಆಸ್ಪತ್ರೆಯ ಡಾಕ್ಟರಮ್ಮ ಹುಡುಗಿಯನ್ನು ಪರೀಕ್ಷಿಸಿ, ಬಸುರಿದ್ದಾಗ ಏನಾದರೂ ಕುಡಿಯುತ್ತಿದ್ದೆಯಾ ಎಂದು ತಾಯಿಯನ್ನು ಕೇಳಿದರು. ಮಗಳು ಪಕ್ಕದಲ್ಲೇ ಇದ್ದಳು. ಇಲ್ಲ ಅಂದಳು ಗೋಪಮ್ಮ. ಮರುದಿನ ಕೆಲಸ ತಪ್ಪಿಸಿ ಒಬ್ಬಳೇ ಹೋದಳು.

"ನಿನ್ನಿ ಸುಳ್ಳು ಹೇಳಿದ್ನಿರೀ. ಕುಡೀತಿದ್ದೆ. ದಿನಾ."

ಬೆಳೆಯಲು, ಮೈನೆರೆಯಲು, ಹೆದರಿದ ಜೀವ ತಣಿಯಲು ಬೇಕಾದ ಹಾರ್ಮೋನುಗಳನ್ನು ತಲೆಯೊಳಗಿನ ಸಣ್ಣ ಗ್ರಂಥಿಯೊಂದು ಹದದಲ್ಲಿಡುತ್ತದೆ, ತಾಯಿ ಕುಡಿದದ್ದು ಹೊಕ್ಕುಳಬಳ್ಳಿಯಿಂದ ಕೂಸಿಗೂ ಹೋಗಿ ಆ ಹದ ಕೆಡಬಹುದು ಎಂದು ಡಾಕ್ಟರಮ್ಮ ತಿಳಿಸಿ ಹೇಳಿದರು. ಕುಡಿದವರ ಮಕ್ಕಳಿಗೆಲ್ಲ ಹೀಗಾಗುವುದಿಲ್ಲ, ಇವಳಿಗೆ ಅದೇ ಕಾರಣವೆಂದು ಖಾತ್ರಿಯಿಲ್ಲ, ಮದ್ದು ಬೇಕಾದರೆ ದೂರದ ದೊಡ್ಡ ಊರಿಗೇ ಹೋಗಬೇಕು ಎಂದೂ ಹೇಳಿದರು. 'ಬಹುದು' ಎಂಬ ಮಾತು ಗೋಪಮ್ಮನ ಕಿವಿಗೆ ಬೀಳಲೇ ಇಲ್ಲ. ಅಂದಿನಿಂದ ಸೇಂದಿ ಬಿಟ್ಟಳು. ಮನೆಯಲ್ಲಿ ಯಾರಿಗೂ ಏನೂ ಹೇಳಲಿಲ್ಲ.

ಎರಡು ವರ್ಷ ಕಳೆದು ಮಾನ್ವಿಯಿಂದ ಬಂದ ಸಂಬಂಧ, ಹುಡುಗಿ ಇನ್ನೂ ನೆರೆದಿಲ್ಲವೆಂದು ಮುರಿದುಬಿತ್ತು. ತನ್ನಲ್ಲೇ ಏನೋ ಪಾಪವಿದೆ ಎಂದು ಶೇಖಮ್ಮ ಅತ್ತಾಗ ಗೋಪಮ್ಮನಿಗೆ ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟಳು.

"ಕುಡಿಯಾಗ ನಿನಗ ಗೊತ್ತಿತ್ತೇನ್ ಬೇ?"

"ಇಲ್ಲವಾ. ಗೊತ್ತಿದ್ರ ಮುಟ್ಟತಿದ್ದಿಲ್ಲ."

ಶೇಖಮ್ಮ ಕಣ್ಣೊರೆಸಿಕೊಂಡಳು. "ದವಾಖಾನಿಗಿ ಹೋಗಿ ಎರಡು ವರ್ಸ ಆತು. ಆವಾಗ ಯಾಕ ಹೇಳಲಿಲ್ಲ?"

ಗೋಪಮ್ಮ ತಲೆ ಸವರಲು ಕೈ ಚಾಚಿದರೆ ಶೇಖಮ್ಮ ಎದ್ದುಬಿಟ್ಟಳು.

ಆ ವಾರವೇ ಮಗಳು ತಾಯಿಯ ತವರಿಗೆ, ಅರಕೇರಾದ ಅಜ್ಜಿಯ ಮನೆಗೆ ಇರಲು ಹೋದಳು. ಹಬ್ಬಕ್ಕೆ ಬರುತ್ತಿದ್ದಳು, ಮಾತಾಡುತ್ತಿದ್ದಳು, ಬಡಿಸಿದ್ದನ್ನು ಉಣ್ಣುತ್ತಿದ್ದಳು. ತಲೆ ಬಾಚುತ್ತೇನೆ ಬಾ ಎಂದು ಕರೆದರೆ ಮಾತ್ರ, ಆಗಲೇ ಬಾಚಿಕೊಂಡಿದ್ದೇನೆ ಎನ್ನುತ್ತಿದ್ದಳು.